ಸಂಘ ಕಟ್ಟುವುದು, ಕಟ್ಟಿದ ಮೇಲೆ ದೂರ ಸರಿಯುವುದು: ಹೆಂಗಸರ ನಡುವೆ ಎನ್‌ಜಿಓಗಳ ಕೆಲಸವೇನು?

ಮಹಿಳೆಯರಿಗಾಗಿ ಕೆಲಸ ಮಾಡುವ ಎನ್‌ಜಿಓ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಒಂದೇ ಫೋಟೋ. ಹಿಂದೆ ಬ್ಯಾನರ್, ಮುಂದೆ ಸಾಲಾಗಿ ಹೊಲಿಗೆ ಯಂತ್ರ, ನಡುವೆ ಶಾಲು ಹೊದ್ದ ಅತಿಥಿಗಳು, ಅಂಚಿನಲ್ಲಿ ಸಂಕೋಚದಿಂದ ನಿಂತ ಹೆಂಗಸರು. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅದು ಬರುತ್ತದೆ. ಯಂತ್ರ ಕೊಟ್ಟದ್ದು ತಪ್ಪೇನಲ್ಲ. ಆದರೆ ಆರು ತಿಂಗಳಾದ ಮೇಲೆ ಅವುಗಳಲ್ಲಿ ಎಷ್ಟು ಓಡುತ್ತಿವೆ, ಎಷ್ಟರ ಮೇಲೆ ಒಗೆದ ಬಟ್ಟೆಯ ರಾಶಿ ಬಿದ್ದಿದೆ ಅಂತ ನೋಡಲು ಯಾರೂ ಹೋಗುವುದಿಲ್ಲ.

ಆ ಫೋಟೋಗೆ ಸಿಗದ ಕೆಲಸವೊಂದಿದೆ. ಅದು ನಿಧಾನದ್ದು, ಬೇಸರ ತರಿಸುವಂಥದ್ದು. ವಾರ ವಾರ ಸಭೆ, ಇಪ್ಪತ್ತು ರೂಪಾಯಿಯ ಲೆಕ್ಕ, ಜಗಳ ಬಿಡಿಸುವುದು, ಬ್ಯಾಂಕಿಗೆ ಅಲೆಯುವುದು. ಹೆಂಗಸರ ಬದುಕಿನಲ್ಲಿ ಏನಾದರೂ ಬದಲಾಗಿದ್ದರೆ ಬಹುಪಾಲು ಅದರಿಂದಲೇ ಆಗಿದೆ ಎಂಬುದು ನನ್ನ ನಂಬಿಕೆ. ಅದು ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ ಅಂತ ತಿಳಿಯಲು ನಾವು ದೂರ ಹೋಗಬೇಕಿಲ್ಲ. ಇವತ್ತು ದೇಶದ ತುಂಬ ಒಂದು ಕೋಟಿಗೂ ಜಾಸ್ತಿ ಇರುವ ಸ್ವಸಹಾಯ ಸಂಘಗಳ ಮಾದರಿ ರೂಪುಗೊಂಡದ್ದರಲ್ಲಿ ಕರ್ನಾಟಕದ ಹಳ್ಳಿಗಳ ಪಾಲು ದೊಡ್ಡದು.

ಮೊದಲು ಒಂದು ಸಣ್ಣ ಸ್ಪಷ್ಟನೆ. ಎನ್‌ಜಿಓ ಅಂದರೆ ಸರ್ಕಾರದ್ದಲ್ಲದ, ಲಾಭರಹಿತ ಸಂಸ್ಥೆ. ಲಾಭರಹಿತ ಎಂದರೆ ದುಡ್ಡೇ ಇಲ್ಲದ ಸಂಸ್ಥೆ ಅಲ್ಲ, ಪುಕ್ಕಟೆ ದುಡಿಯುವವರ ಕೂಟವೂ ಅಲ್ಲ. ಅಲ್ಲಿ ಸಂಬಳ ಇರುತ್ತದೆ, ಆಡಿಟ್ ಇರುತ್ತದೆ. ಕೊನೆಗೆ ಉಳಿದ ಹಣವನ್ನು ನಡೆಸುವವರು ಹಂಚಿಕೊಳ್ಳುವಂತಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮಲ್ಲಿ ಇವು ಟ್ರಸ್ಟ್ ಆಗಿ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸೊಸೈಟಿಯಾಗಿ, ಇಲ್ಲವೇ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಅಡಿ ಕಂಪನಿಯಾಗಿ ನೋಂದಣಿಯಾಗುತ್ತವೆ.

ಮುರಿದುಬಿದ್ದ ಸೊಸೈಟಿಗಳಿಂದ ಹುಟ್ಟಿದ್ದು

1968ರಲ್ಲಿ ಬೆಂಗಳೂರಿನಲ್ಲಿ ಮೈರಾಡ ಎಂಬ ಸಂಸ್ಥೆ ಶುರುವಾಯಿತು. ಪೂರ್ತಿ ಹೆಸರು ಮೈಸೂರು ರೀಸೆಟಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ. ಆಗ ಅದರ ಕೆಲಸಕ್ಕೂ ಹೆಂಗಸರ ಸಂಘಕ್ಕೂ ಸಂಬಂಧವೇ ಇರಲಿಲ್ಲ. ಟಿಬೆಟ್‌ನಿಂದ ಬಂದ ನಿರಾಶ್ರಿತರಿಗೆ ನಮ್ಮ ರಾಜ್ಯದಲ್ಲಿ ಊರು, ಜಮೀನು ಮಾಡಿಕೊಡುವ ಕೆಲಸಕ್ಕಾಗಿ ಹುಟ್ಟಿದ ಸಂಸ್ಥೆ ಅದು. ಆ ಕೆಲಸ ಮುಗಿಯುತ್ತ ಬಂದಾಗ ಸುತ್ತಲಿನ ಬಡ ರೈತರ ಕಡೆ ತಿರುಗಿತು. ಸಾಲ ಕೊಡಿಸಲು ದೊಡ್ಡ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿತು.

ಅವು ನಿಲ್ಲಲಿಲ್ಲ. 1984-85ರ ಹೊತ್ತಿಗೆ ಹಲವು ಕಡೆ ಮುರಿದುಬಿದ್ದವು. ಕಾರಣ ಊಹಿಸುವುದು ಕಷ್ಟವಲ್ಲ. ಹತ್ತು ಎಕರೆಯವನೂ ಕೂಲಿಯವಳೂ ಒಂದೇ ಸೊಸೈಟಿಯಲ್ಲಿ. ಅಧ್ಯಕ್ಷರು ಹೇಳಿದ್ದೇ ತೀರ್ಮಾನ. ಸಾಲ ಯಾರಿಗೆ ಹೋಯಿತು, ಯಾರು ಕಟ್ಟಿಲ್ಲ ಎಂಬುದು ಸದಸ್ಯರಿಗೆ ಗೊತ್ತೇ ಆಗುತ್ತಿರಲಿಲ್ಲ. ಆಗ ಒಂದು ವಿಚಿತ್ರ ನಡೆಯಿತು. ಸದಸ್ಯರು ಹದಿನೈದು, ಇಪ್ಪತ್ತು ಜನರ ಗುಂಪುಗಳಾಗಿ ಮೈರಾಡದವರ ಹತ್ತಿರ ಬಂದು, ಸಾಲ ತೀರಿಸುತ್ತೇವೆ, ಆದರೆ ಸೊಸೈಟಿಗೆ ಕಟ್ಟುವುದಿಲ್ಲ, ನಿಮಗೇ ಕೊಡುತ್ತೇವೆ ಅಂದರು. ಸಂಸ್ಥೆ ಆ ಹಣ ತೆಗೆದುಕೊಳ್ಳಲಿಲ್ಲ. ನಿಮ್ಮಲ್ಲೇ ಇಟ್ಟುಕೊಳ್ಳಿ, ನಿಮ್ಮೊಳಗೇ ಸಾಲ ಕೊಟ್ಟುಕೊಳ್ಳಿ, ಲೆಕ್ಕ ಇಡುವುದನ್ನು ಕಲಿಸುತ್ತೇವೆ ಅಂದಿತು.

ನನಗೆ ಇಡೀ ಕಥೆಯಲ್ಲಿ ಮುಖ್ಯ ಅನ್ನಿಸುವುದು ಈ ಘಳಿಗೆ. ಅಲೋಶಿಯಸ್ ಫರ್ನಾಂಡಿಸ್ ಆಗ ಮೈರಾಡದ ಮುಖ್ಯಸ್ಥರು. ತಾವು ಕಟ್ಟಿದ್ದು ಬಿದ್ದುಹೋದಾಗ ಅದನ್ನೇ ಮತ್ತೆ ಎತ್ತಿ ನಿಲ್ಲಿಸಲು ಸಂಸ್ಥೆ ಹೊರಡಲಿಲ್ಲ. ಜನ ತಾವಾಗಿ ಯಾರ ಜೊತೆ ಯಾರು ಕೂತಿದ್ದಾರೆ ಎಂದು ನೋಡಿತು. ಒಬ್ಬರನ್ನೊಬ್ಬರು ನಂಬುವವರು, ಹೆಚ್ಚು ಕಡಿಮೆ ಒಂದೇ ಸ್ಥಿತಿಯಲ್ಲಿರುವವರು ಒಟ್ಟಾಗಿದ್ದರು. ಆ ಗುಂಪುಗಳನ್ನು ಆಗ ಸಾಲ ನಿರ್ವಹಣಾ ಗುಂಪುಗಳು ಅಂತ ಕರೆಯುತ್ತಿದ್ದರು. ಮೊದಮೊದಲು ಅದರಲ್ಲಿ ಗಂಡಸರೂ ಇದ್ದರು. ಬರಬರುತ್ತ ಅದು ಹೆಂಗಸರದ್ದೇ ಆಯಿತು.

1987ರಲ್ಲಿ ಕೃಷಿ ಮತ್ತು ಗ್ರಾಮೀಣ ಸಾಲದ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಈ ಗುಂಪುಗಳ ಉಳಿತಾಯಕ್ಕೆ ಜೋಡಿಸಲು ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ಅಲ್ಲಿಂದ ರಿಸರ್ವ್ ಬ್ಯಾಂಕಿನ ತನಕ ಮಾತು ಹೋಯಿತು. ಇಂಥ ಗುಂಪುಗಳ ಜೊತೆ ವ್ಯವಹಾರ ಮಾಡುವಂತೆ 1991ರಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿತು. 1992ರಲ್ಲಿ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ಮೊದಮೊದಲು ಧೈರ್ಯ ಮಾಡಿ ಸಾಲ ಕೊಟ್ಟ ಬ್ಯಾಂಕ್ ಶಾಖೆಗಳಲ್ಲಿ ಕೋಲಾರ ಜಿಲ್ಲೆಯವೂ ಇವೆ.

ಈ ಪ್ರಯೋಗದಲ್ಲಿ ಬ್ಯಾಂಕುಗಳು ಮೂರು ಹಳೆಯ ಹಟ ಬಿಟ್ಟವು. ನೋಂದಣಿಯೇ ಇಲ್ಲದ ಗುಂಪಿಗೆ ಖಾತೆ ತೆರೆಯಲು ಒಪ್ಪಿದವು. ಅಡಮಾನ ಕೇಳದೆ ಸಾಲ ಕೊಟ್ಟವು. ಒಬ್ಬೊಬ್ಬ ಸದಸ್ಯೆಯೂ ಆ ಹಣವನ್ನು ಏತಕ್ಕೆ ಬಳಸುತ್ತಾಳೆ ಎಂದು ವಿಚಾರಿಸುವುದನ್ನು ಗುಂಪಿಗೇ ಬಿಟ್ಟವು. ಕೇಳಲು ಸಣ್ಣ ವಿಷಯ. ಆದರೆ ಎಮ್ಮೆಗೆ ಅಂತ ಹೇಳಿ ಸಾಲ ತೆಗೆದು ಆಸ್ಪತ್ರೆಗೆ ಕಟ್ಟಿ ಬಂದವರನ್ನು ಕೇಳಿ, ಇದು ಎಷ್ಟು ದೊಡ್ಡದು ಅಂತ ಹೇಳುತ್ತಾರೆ. ಅಂದ ಹಾಗೆ, ಸಂಘದಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ ಜನ ಯಾಕಿರುವುದಿಲ್ಲ ಗೊತ್ತಾ? ಲಾಭದ ವ್ಯವಹಾರಕ್ಕಾಗಿ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಸೇರಿದರೆ ನೋಂದಣಿ ಮಾಡಿಸಲೇಬೇಕು ಅಂತ 1956ರ ಕಂಪನಿ ಕಾಯ್ದೆ ಹೇಳುತ್ತಿತ್ತು. ಆ ಮಿತಿಯೊಳಗೆ ಇರುವ ಉಪಾಯ ಇದು.

ಮೊದಲ ವರ್ಷ ಏನು ನಡೆಯುತ್ತದೆ

ಒಂದು ಲೆಕ್ಕ ಹಾಕೋಣ. ಹದಿನೈದು ಹೆಂಗಸರು. ವಾರಕ್ಕೆ ತಲಾ 20 ರೂಪಾಯಿ ಉಳಿತಾಯ. ವಾರಕ್ಕೆ 300, ವರ್ಷಕ್ಕೆ 15,600 ರೂಪಾಯಿ. ಇದರಲ್ಲಿ ಏನು ಮಹಾ ಆಗುತ್ತದೆ ಅನ್ನಿಸಬಹುದು.

ಈಗ ಸಾಹುಕಾರನ ಲೆಕ್ಕ ನೋಡಿ. ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿಯಲ್ಲಿ 5,000 ಸಾಲ ತಂದರೆ ತಿಂಗಳಿಗೆ 250 ರೂಪಾಯಿ ಬರೀ ಬಡ್ಡಿ. ಅಸಲು ಹಾಗೇ ನಿಂತಿರುತ್ತದೆ. ಅದೇ 5,000 ಸಂಘದಲ್ಲಿ 2 ರೂಪಾಯಿ ಬಡ್ಡಿಗೆ ಸಿಕ್ಕರೆ ತಿಂಗಳಿಗೆ 100. ಉಳಿದ 150 ಅವಳ ಕೈಯಲ್ಲೇ ಉಳಿಯಿತು. ಆಕೆ ಕಟ್ಟಿದ 100 ರೂಪಾಯಿ ಕೂಡ ಊರು ಬಿಟ್ಟು ಹೋಗಲಿಲ್ಲ. ಸಂಘದ ಪೆಟ್ಟಿಗೆಗೆ ಬಂತು, ಅದರಲ್ಲಿ ಅವಳಿಗೂ ಪಾಲುಂಟು.

ದುಡ್ಡಿನ ಕಥೆ ಇಷ್ಟೇ. ಇದಕ್ಕೆ ಎನ್‌ಜಿಓ ಯಾಕೆ ಬೇಕು? ಚೀಟಿ ನಡೆಸುವುದು ನಮ್ಮ ಹೆಂಗಸರಿಗೆ ಹೊಸದೇನಲ್ಲವಲ್ಲ.

ಉತ್ತರ ಸಭೆಯಲ್ಲಿದೆ. ಹಳ್ಳಿಯ ಸಂಘದ ಸಭೆ ಸಾಮಾನ್ಯವಾಗಿ ಇಳಿಹೊತ್ತಿನಲ್ಲಿ. ಕೂಲಿ ಮುಗಿಸಿ, ದನ ಕಟ್ಟಿ, ಒಲೆಯ ಮೇಲೆ ಏನಾದರೂ ಇಟ್ಟು ಬರುವ ಹೊತ್ತು. ದೇವಸ್ಥಾನದ ಜಗಲಿಯೋ ಅಂಗನವಾಡಿಯೋ, ಚಾಪೆ ಹಾಸಿ ದುಂಡಗೆ ಕೂರುತ್ತಾರೆ. ದುಂಡಗೆ ಕೂರಿಸುವುದಕ್ಕೂ ಎನ್‌ಜಿಓದ ಕಾರ್ಯಕರ್ತೆ ಹೆಣಗಬೇಕು, ಯಾಕೆಂದರೆ ಅಭ್ಯಾಸಬಲದಿಂದ ಕೆಲವರು ಗೋಡೆಗೆ ಒರಗಿ ಹಿಂದೆಯೇ ಉಳಿದುಬಿಡುತ್ತಾರೆ. ಹಾಜರಿ ಪುಸ್ತಕ, ನಡಾವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯದ ಲೆಡ್ಜರ್, ಸಾಲದ ಲೆಡ್ಜರ್. ತಡವಾಗಿ ಬಂದವರಿಗೆ ದಂಡ. ದಂಡ ಎಷ್ಟು ಅಂತ ಅವರೇ ಮೊದಲ ತಿಂಗಳು ಠರಾವು ಮಾಡಿರುತ್ತಾರೆ. ಸದಸ್ಯರೇ ಆರಿಸಿದ ಇಬ್ಬರು ಪ್ರತಿನಿಧಿಗಳು ಬ್ಯಾಂಕಿನ ವ್ಯವಹಾರ ನೋಡುತ್ತಾರೆ. ವರ್ಷಕ್ಕೊಮ್ಮೆ ಅವರನ್ನು ಬದಲಿಸಬೇಕು. ಎಲ್ಲರಿಗೂ ಓದಲು ಬಾರದು. ಹಾಗಾಗಿ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. ಕೇಳಿಸಿಕೊಳ್ಳುವವರ ಬಾಯಿಪಾಠ ಎಷ್ಟು ಚೆನ್ನಾಗಿರುತ್ತದೆ ಅಂದರೆ, ಪುಸ್ತಕದಲ್ಲಿ ಹತ್ತು ರೂಪಾಯಿ ತಪ್ಪಿದ್ದರೂ ಯಾರೋ ಒಬ್ಬರು ತಡೆಯುತ್ತಾರೆ.

ನಾಲ್ಕನೆಯ ತಿಂಗಳಿಗೋ ಐದನೆಯ ತಿಂಗಳಿಗೋ ಮೊದಲ ಕಷ್ಟ ಬರುತ್ತದೆ. ಪೆಟ್ಟಿಗೆಯಲ್ಲಿ 4,000 ಇದೆ. ಮೂವರು ಸಾಲ ಕೇಳುತ್ತಾರೆ. ಒಬ್ಬಳಿಗೆ ಗೊಬ್ಬರಕ್ಕೆ, ಇನ್ನೊಬ್ಬಳಿಗೆ ಗಂಡನನ್ನು ಆಸ್ಪತ್ರೆಗೆ ತೋರಿಸಲು, ಮತ್ತೊಬ್ಬಳಿಗೆ ಮಗಳ ಸೀಮಂತಕ್ಕೆ. ಎಲ್ಲರಿಗೂ ಕೊಡುವಷ್ಟು ಇಲ್ಲ. ಎಲ್ಲರ ಕಣ್ಣೂ ಕಾರ್ಯಕರ್ತೆಯ ಮೇಲೆ. "ನೀವೇ ಹೇಳಿಬಿಡಿ ಮೇಡಂ."

ಒಳ್ಳೆಯ ಕಾರ್ಯಕರ್ತೆ ಇಲ್ಲಿ ಬಾಯಿ ಬಿಡುವುದಿಲ್ಲ. "ದುಡ್ಡು ನಿಮ್ಮದು ಅಕ್ಕಾ, ನೀವೇ ಮಾತಾಡಿ" ಅಂತ ಸುಮ್ಮನೆ ಕೂರುತ್ತಾಳೆ. ಆಮೇಲೆ ಒಂದು ಗಂಟೆ ಗದ್ದಲ. ಹಳೆಯ ಜಗಳ, ಜಾತಿ, ಓರಗಿತ್ತಿಯರ ಮುನಿಸು ಎಲ್ಲ ಹೊರಬರುತ್ತದೆ. ಕೊನೆಗೆ ಆಸ್ಪತ್ರೆಗೆ 2,500, ಗೊಬ್ಬರಕ್ಕೆ 1,500, ಸೀಮಂತಕ್ಕೆ ಮುಂದಿನ ತಿಂಗಳು ಅಂತ ತೀರ್ಮಾನ. ನಡಾವಳಿಯಲ್ಲಿ ಬರೆದು ಎಲ್ಲರೂ ಸಹಿ ಹಾಕುತ್ತಾರೆ. ಸೀಮಂತದವಳು ಮುಖ ಊದಿಸಿಕೊಂಡೇ ಸಹಿ ಹಾಕುತ್ತಾಳೆ.

ಎನ್‌ಜಿಓದ ನಿಜವಾದ ಕೆಲಸ ಆ ಒಂದು ಗಂಟೆಯ ಮೌನ. ಹದಿನೈದು ಹೆಂಗಸರು ದುಡ್ಡಿನ ಬಗ್ಗೆ, ಗಂಡಸರು ಯಾರೂ ಇಲ್ಲದೆ, ತಾವೇ ತೀರ್ಮಾನ ಮಾಡಿ ಅದನ್ನು ಬರೆದಿಟ್ಟರು. ಇಂಥದ್ದು ಅವರಲ್ಲಿ ಹೆಚ್ಚಿನವರ ಬದುಕಿನಲ್ಲಿ ಹಿಂದೆ ಆಗಿರುವುದಿಲ್ಲ. ಚೀಟಿಯಲ್ಲಿ ಇದು ಇಲ್ಲ. ಅಲ್ಲಿ ಸರದಿಯೋ ಕೂಗೋ ತೀರ್ಮಾನ ಮಾಡುತ್ತದೆ.

ಆಮೇಲಿನದು ಬ್ಯಾಂಕು. ಆರು ತಿಂಗಳು ಸಂಘ ಸರಿಯಾಗಿ ನಡೆದರೆ ಬ್ಯಾಂಕಿನವರು ಪುಸ್ತಕ ನೋಡಿ, ಅಂಕ ಹಾಕಿ, ಸಾಲಕ್ಕೆ ಅರ್ಹವೋ ಅಲ್ಲವೋ ಹೇಳುತ್ತಾರೆ. ಕಾಗದದ ಮೇಲೆ ಸಲೀಸು. ಕೌಂಟರಿನಲ್ಲಿ ಹಾಗಲ್ಲ. "ನಿಮ್ಮ ಯಜಮಾನ್ರು ಬಂದಿಲ್ವಾ?" ಎಂಬ ಪ್ರಶ್ನೆಗೆ ಮೊದಲ ಸಲ ಏನು ಹೇಳಬೇಕೆಂದು ತೋಚುವುದಿಲ್ಲ. ಮೊದಲ ಎರಡು ಸಲ ಕಾರ್ಯಕರ್ತೆ ಜೊತೆಗೆ ಹೋಗುತ್ತಾಳೆ. ಮೂರನೆಯ ಸಲ ಬಸ್ ಸ್ಟ್ಯಾಂಡಿನಲ್ಲೇ ನಿಲ್ಲುತ್ತಾಳೆ. ನಾಲ್ಕನೆಯ ಸಲ ಬರುವುದೇ ಇಲ್ಲ.

ದುಡ್ಡು ಬಂದರೆ ಮಾತೂ ಬರುತ್ತದಾ?

ಬರುತ್ತದೆ ಅಂತ ಎಲ್ಲರೂ ನಂಬಿದ್ದರು. ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರು, ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಹಾಗೂ ಅವರ ಜೊತೆಗಾರರು. ಹೈದರಾಬಾದಿನ 104 ಬಡಾವಣೆಗಳನ್ನು ತೆಗೆದುಕೊಂಡು, ಅರ್ಧಕ್ಕೆ ಮೊದಲು ಕಿರುಸಾಲ ಬರುವಂತೆ, ಉಳಿದರ್ಧಕ್ಕೆ ಆಮೇಲೆ ಬರುವಂತೆ ಮಾಡಿ ಹೋಲಿಸಿದರು. ಸಣ್ಣಪುಟ್ಟ ವ್ಯಾಪಾರ ಶುರುಮಾಡುವುದು, ಇದ್ದದ್ದನ್ನು ಬೆಳೆಸುವುದು ಸ್ವಲ್ಪ ಹೆಚ್ಚಾಗಿತ್ತು. ಮನೆಯಲ್ಲಿ ಹೆಂಗಸಿನ ಮಾತಿಗೆ ಬೆಲೆ, ಮಕ್ಕಳ ಓದು, ಆರೋಗ್ಯ ಇವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಇದು ಸಂಘದ ಪರೀಕ್ಷೆಯಲ್ಲ, ಸಾಲದ ಪರೀಕ್ಷೆ. ಬರೀ ಸಾಲ ಕೈಗೆ ಬಂದರೆ ಹೆಂಗಸು ಸಬಲಳಾಗುವುದಿಲ್ಲ ಎಂದು ತೋರಿಸುತ್ತದೆ. ನಮಗೂ ಇದು ಗೊತ್ತಿರುವುದೇ ಅಲ್ವಾ? ಸಾಲ ಅವಳ ಹೆಸರಿನಲ್ಲಿ, ಬೈಕು ಅವನದು, ಕಂತಿನ ದಿನ ಅಲೆದಾಡುವವಳು ಮತ್ತೆ ಅವಳು.

ಇದನ್ನು ಮೊದಲೇ ಅಂದಾಜು ಮಾಡಿ ಬೇರೆ ದಾರಿ ಹಿಡಿದ ಪ್ರಯತ್ನವೂ ನಮ್ಮಲ್ಲಿತ್ತು. 1980ರ ದಶಕದ ಕೊನೆಯಲ್ಲಿ ಕರ್ನಾಟಕ, ಗುಜರಾತ್, ಉತ್ತರ ಪ್ರದೇಶಗಳಲ್ಲಿ ಶುರುವಾದ ಮಹಿಳಾ ಸಮಖ್ಯಾ. ದುಡ್ಡು ಸರ್ಕಾರದ್ದು, ನಡೆಸಿದ್ದು ಸ್ವತಂತ್ರವಾಗಿ ನೋಂದಣಿಯಾದ ಸೊಸೈಟಿ. ಅಲ್ಲಿನ ಸಂಘಗಳ ನಡುವಿನಲ್ಲಿ ಸಾಲ ಇರಲಿಲ್ಲ. ಸಹಯೋಗಿನಿಯರು ಎಂಬ ಅದರ ಕಾರ್ಯಕರ್ತೆಯರು ಹಳ್ಳಿಗೆ ಹೋಗಿ ಹೆಂಗಸರನ್ನು ಕೂರಿಸಿ ಮಾತಾಡಿಸುತ್ತಿದ್ದರು. ನೀರು, ಕೂಲಿ, ಹೊಡೆತ, ಬಾಲ್ಯವಿವಾಹ. ಏನು ಕೊಡುತ್ತೀರಿ ಅಂತ ಹೆಂಗಸರು ಕೇಳಿದರೆ ಏನೂ ಕೊಡುವುದಿಲ್ಲ ಅನ್ನುವುದೇ ಉತ್ತರ. ಆದರೂ ಸಂಘಗಳು ನಿಂತವು. ಹೆಂಗಸರೇ ನ್ಯಾಯ ಹೇಳುವ ನಾರಿ ಅದಾಲತ್‌ಗಳು ನಡೆದವು, ಓದು ಬಿಟ್ಟ ಹುಡುಗಿಯರಿಗೆ ಮಹಿಳಾ ಶಿಕ್ಷಣ ಕೇಂದ್ರಗಳು ಬಂದವು. ಕಳೆದ ದಶಕದ ನಡುವಿನಲ್ಲಿ ಕೇಂದ್ರ ಸರ್ಕಾರ ಹಣ ನಿಲ್ಲಿಸಿತು. ಎಣಿಸಿ ತೋರಿಸಲು ಬಾರದ ಕೆಲಸಕ್ಕೆ ಹಣ ಉಳಿಸಿಕೊಳ್ಳುವುದು ಎಲ್ಲ ಕಾಲಕ್ಕೂ ಕಷ್ಟ.

ಸಾಲವೂ ಇಲ್ಲದ, ಸಂಘವೂ ಅಲ್ಲದ ಇನ್ನೊಂದು ಬಗೆಯ ಕೆಲಸವಿದೆ. ಬಚ್ಚಿಟ್ಟದ್ದನ್ನು ಹೊರಗೆ ತರುವುದು. ಬೆಂಗಳೂರಿನ ವಿಮೋಚನಾ ಎಂಬ ಮಹಿಳಾ ಸಂಸ್ಥೆ 1979ರಿಂದ ಇದನ್ನು ಮಾಡುತ್ತಿದೆ. ಮದುವೆಯಾದ ಎಳೆಯ ಹೆಂಗಸರು ಸುಟ್ಟು ಸತ್ತರೆ ಸ್ಟೌ ಸಿಡಿಯಿತು ಅಂತ ಬರೆದು ಮುಗಿಸುತ್ತಿದ್ದ ಕಾಲದಲ್ಲಿ ಅವರು ಆ ಸಾವುಗಳ ಬೆನ್ನು ಹತ್ತಿದರು. ದಾಖಲಿಸಿದರು, ತನಿಖೆ ಕೇಳಿದರು.

ಕಾನೂನಿನಲ್ಲೂ ಇಂಥ ಸಂಸ್ಥೆಗಳ ಗುರುತು ಕಾಣುತ್ತದೆ. ರಾಜಸ್ಥಾನದಲ್ಲಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ದುಡಿಯುತ್ತಿದ್ದ ಭಂವರಿ ದೇವಿ ಬಾಲ್ಯವಿವಾಹ ತಡೆಯಲು ಹೋದರು. 1992ರಲ್ಲಿ ಅವರ ಮೇಲೆ ಅತ್ಯಾಚಾರ ನಡೆಯಿತು. ಆಮೇಲೆ ವಿಶಾಖಾ ಮತ್ತು ಇತರ ಮಹಿಳಾ ಸಂಸ್ಥೆಗಳು ಸುಪ್ರೀಂ ಕೋರ್ಟಿಗೆ ಹೋದವು. ಕೆಲಸದ ಜಾಗದ ಕಿರುಕುಳದ ಬಗ್ಗೆ 1997ರಲ್ಲಿ ಬಂದ ಮಾರ್ಗಸೂಚಿ ಆ ಅರ್ಜಿಯದ್ದು. 2013ರಲ್ಲಿ ಅದು ಕಾಯ್ದೆಯಾಯಿತು. ನಿಮ್ಮ ಆಫೀಸಿನಲ್ಲಿ ಹತ್ತು ಜನ ಇದ್ದರೆ ಆಂತರಿಕ ಸಮಿತಿ ಇರಲೇಬೇಕು, ಅದರಲ್ಲಿ ಎನ್‌ಜಿಓದವರೋ ಈ ವಿಷಯ ಬಲ್ಲವರೋ ಒಬ್ಬರು ಹೊರಗಿನವರು ಇರಬೇಕು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲೂ ಹಾಗೆ. ಸೇವಾ ಸಂಸ್ಥೆ ಎಂದು ನೋಂದಣಿಯಾದ ಎನ್‌ಜಿಓ ದೌರ್ಜನ್ಯದ ವರದಿಯನ್ನು ತಾನೇ ದಾಖಲಿಸಬಹುದು, ನೊಂದವಳನ್ನು ಆಸ್ಪತ್ರೆಗೆ, ಆಶ್ರಯಕ್ಕೆ ಸೇರಿಸಬಹುದು. ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಲು ಹೆದರುವವರಿಗೆ ಇದು ಎಷ್ಟು ಉಪಯೋಗ ಅಂತ ಬಹಳ ಜನರಿಗೆ ಗೊತ್ತೇ ಇಲ್ಲ.

ಎಲ್ಲವೂ ಸಂಘವಲ್ಲ

ಊರಲ್ಲಿ "ಸಂಘದ ಸಾಲ" ಅಂದರೆ ಬೇರೆ ಬೇರೆ ವ್ಯವಸ್ಥೆಗಳು ಒಟ್ಟಿಗೆ ಕಲಸಿಹೋಗುತ್ತವೆ. ಹೆಂಗಸರು ಕಷ್ಟಕ್ಕೆ ಸಿಗುವುದು ಬಹಳ ಸಲ ಈ ಗೊಂದಲದಿಂದ.

ಸ್ವಸಹಾಯ ಸಂಘದಲ್ಲಿ ಮೊದಲು ಉಳಿತಾಯ, ಆಮೇಲೆ ಸಾಲ. ಬಡ್ಡಿ ಎಷ್ಟು ಅಂತ ಸದಸ್ಯರು ನಿಗದಿ ಮಾಡುತ್ತಾರೆ, ಆ ಬಡ್ಡಿ ಸಂಘಕ್ಕೆ ಸೇರುತ್ತದೆ. ಮೈಕ್ರೋಫೈನಾನ್ಸ್ ಕಂಪನಿಯ ಗುಂಪಿನಲ್ಲಿ ಹಾಗಲ್ಲ. ಉಳಿತಾಯ ಅನ್ನುವುದೇ ಇಲ್ಲ. ನಾಲ್ಕೈದು ಅಥವಾ ಹತ್ತು ಜನ ಒಬ್ಬರಿಗೊಬ್ಬರು ಜಾಮೀನು. ದುಡ್ಡು ಕಂಪನಿಯದು, ಬಡ್ಡಿಯೂ ಕಂಪನಿಗೆ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು, ಹಾಗಾಗಿ ಅವಳ ಮನೆ ಮುಂದೆ ಹೋಗಿ ಕೂರುವವರು ಅಕ್ಕಪಕ್ಕದ ಹೆಂಗಸರೇ. ಸಂಘದಲ್ಲಿ ಆಸರೆಯಾಗಿದ್ದ ಸ್ನೇಹವೇ ಇಲ್ಲಿ ವಸೂಲಿಯ ಸಾಧನ.

ಈ ಎರಡರ ನಡುವಿನ ಗೋಡೆ ತೆಳ್ಳಗಿದೆ ಎಂಬುದಕ್ಕೆ ಆಂಧ್ರವನ್ನು ನೋಡಬೇಕು. ಅಲ್ಲಿನ ಸ್ವಯಂ ಕೃಷಿ ಸಂಗಂ ಶುರುವಾದದ್ದು ಎನ್‌ಜಿಓ ಆಗಿ. ಮುಂದೆ ಎಸ್‌ಕೆಎಸ್ ಎಂಬ ಕಂಪನಿಯಾಗಿ 2010ರಲ್ಲಿ ಷೇರು ಮಾರುಕಟ್ಟೆಗೆ ಬಂತು. ಅದೇ ವರ್ಷ ಆಂಧ್ರದಲ್ಲಿ ಕಿರುಸಾಲದ ಬಿಕ್ಕಟ್ಟು ಸ್ಫೋಟಗೊಂಡಿತು. ಒಬ್ಬೊಬ್ಬರಿಗೆ ಹಲವು ಕಂಪನಿಗಳ ಸಾಲ, ವಸೂಲಿಯ ಕಿರುಕುಳ, ಆತ್ಮಹತ್ಯೆಗಳ ಸುದ್ದಿ. ಸರ್ಕಾರ ಸುಗ್ರೀವಾಜ್ಞೆ ತಂದಿತು. ಹದಿನೈದು ವರ್ಷದ ಮೇಲೆ ನಮ್ಮಲ್ಲೂ ಅದೇ ಆಯಿತು. ಊರು ಬಿಟ್ಟು ಹೋದವರ, ಬೀಗ ಬಿದ್ದ ಮನೆಗಳ ಸುದ್ದಿ ಸಾಲಾಗಿ ಬಂದ ಮೇಲೆ 2025ರ ಫೆಬ್ರವರಿಯಲ್ಲಿ ಕರ್ನಾಟಕವೂ ಸುಗ್ರೀವಾಜ್ಞೆ ಹೊರಡಿಸಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ಎಂದು ಬರೆಯಿತು.

ಇನ್ನೊಂದು ಸರ್ಕಾರಿ ಸಂಘ. ಎನ್‌ಜಿಓಗಳ ಮಾದರಿ ಗೆದ್ದಿತು ಅಂತ ಗೊತ್ತಾದ ಮೇಲೆ ಸರ್ಕಾರ ಸುಮ್ಮನಿರುತ್ತದಾ? 2000-01ರಲ್ಲಿ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು, ಅಂಗನವಾಡಿ ಕಾರ್ಯಕರ್ತೆಯರ ಮೂಲಕ. 2011ರಲ್ಲಿ ಕೇಂದ್ರದ ಜೀವನೋಪಾಯ ಅಭಿಯಾನ ಬಂತು, ನಮ್ಮಲ್ಲಿ ಅದರ ಹೆಸರು ಸಂಜೀವಿನಿ. ಇದರಿಂದ ಸಂಘಗಳು ಎನ್‌ಜಿಓ ಕಾಲಿಡದ ಊರುಗಳಿಗೂ ತಲುಪಿದವು, ಅದು ಸಣ್ಣದಲ್ಲ. ಆದರೆ ಮಕ್ಕಳ ತೂಕ, ಮೊಟ್ಟೆ, ಸರ್ವೆ, ಚುನಾವಣೆ ಕೆಲಸ ಎಲ್ಲ ಹೊತ್ತ ಅಂಗನವಾಡಿ ಟೀಚರ್ ಸಂಘದ ಸಭೆಯಲ್ಲಿ ಒಂದು ಗಂಟೆ ಬಾಯಿ ಮುಚ್ಚಿ ಕೂರಲು ಎಲ್ಲಿಂದ ಹೊತ್ತು ತರಬೇಕು? ಗುರಿ ತಲುಪಬೇಕು, ಸಂಘಕ್ಕೆ ಸರ್ಕಾರ ಕೊಡುವ ಸುತ್ತುನಿಧಿ ಇದೇ ತಿಂಗಳು ಹೋಗಬೇಕು. ನಂಬಿಕೆಯಿಂದ ಸೇರಬೇಕಾದ ಗುಂಪು ಪಟ್ಟಿಯಿಂದ ಸೇರುತ್ತದೆ. ಅನುದಾನ ಬಂದ ಮೇಲೆ ಚದುರುತ್ತದೆ.

ಹಣ ಯಾರದು, ಅವಸರ ಯಾರದು

ಒಂದು ಸಂಘ ತನ್ನ ಕಾಲ ಮೇಲೆ ನಿಲ್ಲಲು ಮೂರರಿಂದ ಐದು ವರ್ಷ ಬೇಕು. ಕಾರ್ಯಕರ್ತೆಯ ಸಂಬಳ, ಬಸ್ ಚಾರ್ಜು, ಪುಸ್ತಕ, ತರಬೇತಿ. ಇದನ್ನು ಹೆಂಗಸರಿಂದ ವಸೂಲು ಮಾಡಲಾಗದು. ಯಾರೋ ಕೊಡಬೇಕು.

ಹಿಂದೆ ಬಹಳಷ್ಟು ವಿದೇಶಿ ಹಣದಿಂದ ನಡೆಯುತ್ತಿತ್ತು. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆ ಬಿಗಿಯಾಯಿತು. ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಸಣ್ಣ ಸಂಸ್ಥೆಗೆ ದಾಟಿಸುವುದು ನಿಂತುಹೋಯಿತು. ಆಡಳಿತ ಖರ್ಚಿನ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ದೆಹಲಿ, ಬೆಂಗಳೂರಿನಲ್ಲಿ ಕಚೇರಿ ಇರುವವರು ಹೇಗೋ ನಿಭಾಯಿಸಿದರು. ತಾಲ್ಲೂಕು ಕೇಂದ್ರದಲ್ಲಿ ಎರಡು ಕೋಣೆಯಲ್ಲಿ ನಡೆಯುವ ಸಂಸ್ಥೆಗೆ ಏಟು ಬಿತ್ತು.

ಈಗ ಎಲ್ಲರ ಕಣ್ಣು ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣದ ಮೇಲೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಇದಕ್ಕೆ ಇಡಬೇಕು. ಹಣ ಬರುತ್ತದೆ. ಜೊತೆಗೆ ಅವಸರವೂ ಬರುತ್ತದೆ. ಮಾರ್ಚ್ ಒಳಗೆ ಖರ್ಚಾಗಬೇಕು, ಎಷ್ಟು ಫಲಾನುಭವಿಗಳು ಅಂತ ಎಕ್ಸೆಲ್ ಶೀಟಿನಲ್ಲಿ ತುಂಬಬೇಕು. ಸೀಮಂತಕ್ಕೆ ಸಾಲ ಸಿಗದೆ ಮುಖ ಊದಿಸಿಕೊಂಡವಳು ಆದರೂ ಸಹಿ ಹಾಕಿದಳು ಎಂಬುದನ್ನು ಯಾವ ಕಾಲಂನಲ್ಲಿ ಬರೆಯುವುದು? ಅದಕ್ಕೇ ಹೊಲಿಗೆ ಯಂತ್ರ. ಎಣಿಸಬಹುದು, ಫೋಟೋಗೂ ಒದಗುತ್ತದೆ. ಎಷ್ಟೋ ಒಳ್ಳೆಯ ಸಂಸ್ಥೆಗಳು ತಮಗೇ ನಂಬಿಕೆ ಇಲ್ಲದ ಕೆಲಸವನ್ನು ಹೀಗೆ ಮಾಡುತ್ತಿವೆ. ದೂರುವುದಕ್ಕೂ ಮನಸ್ಸು ಬಾರದು, ತಿಂಗಳ ಕೊನೆಗೆ ಸಂಬಳ ಕೊಡಬೇಕಲ್ಲ.

ಬಿಟ್ಟು ಹೋಗುವ ವಿದ್ಯೆ

ಎನ್‌ಜಿಓಗಳ ಬಗ್ಗೆ ನನಗಿರುವ ದೊಡ್ಡ ತಕರಾರು ಭ್ರಷ್ಟಾಚಾರದ್ದಲ್ಲ. ಅವು ಹೋಗುವುದಿಲ್ಲ ಎಂಬುದು. ಹತ್ತು ವರ್ಷವಾದರೂ ಪುಸ್ತಕ ಬರೆಯುವವಳು ಸಂಸ್ಥೆಯವಳೇ, ಬ್ಯಾಂಕಿಗೆ ಕರೆದೊಯ್ಯುವವಳೂ ಅವಳೇ. ಹೆಂಗಸರ ಮಾತಿನಲ್ಲಿ "ನಮ್ಮ ಸಂಘ" ಅನ್ನುವ ಬದಲು "ಮೇಡಂ ಸಂಘ" ಅಂತ ಬಂದರೆ ಎಲ್ಲೋ ತಪ್ಪಿದೆ ಅಂತಲೇ ಲೆಕ್ಕ.

ಬಿಟ್ಟುಕೊಟ್ಟ ಉದಾಹರಣೆ ಬೇಕಾದರೆ ಬೆಳಗಾವಿ ಜಿಲ್ಲೆಗೆ ಹೋಗಬೇಕು. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1982ರಲ್ಲೇ ಮಾಡಿತ್ತು. ಕಾಯ್ದೆಯಿಂದ ಮುತ್ತು ಕಟ್ಟುವುದು, ಅಂದರೆ ಹುಡುಗಿಯನ್ನು ದೇವರ ಹೆಸರಿಗೆ ಬಿಡುವುದು ನಿಂತುಬಿಡಲಿಲ್ಲ, ಕದ್ದುಮುಚ್ಚಿ ನಡೆಯಿತು. ಮೈರಾಡ ಮತ್ತು ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಸೇರಿ ಅಲ್ಲಿ ದೇವದಾಸಿ ಹೆಂಗಸರ ಸಂಘಗಳನ್ನು ಕಟ್ಟಿದವು. 1997ರಲ್ಲಿ ಆ ಹೆಂಗಸರೇ ಸೇರಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ನೋಂದಣಿ ಮಾಡಿಸಿದರು. ಮಾಸ್ ಅಂತ ಕರೆಯುತ್ತಾರೆ. ಅದನ್ನು ನಡೆಸಿದವರು ಹೊರಗಿನ ಓದಿದವರಲ್ಲ, ಮುತ್ತು ಕಟ್ಟಿಸಿಕೊಂಡಿದ್ದ ಹೆಂಗಸರೇ. ಎಲ್ಲಿ ಯಾವ ಹುಣ್ಣಿಮೆಗೆ ಯಾವ ಮನೆಯ ಹುಡುಗಿಗೆ ಮುತ್ತು ಕಟ್ಟುತ್ತಾರೆ ಎಂಬ ಸುದ್ದಿ ಅಧಿಕಾರಿಗಳಿಗಿಂತ ಮೊದಲು ಅವರಿಗೆ ಮುಟ್ಟುತ್ತಿತ್ತು. ತಡೆಯಲು ಹೋದಾಗ ಅವರಾಡುವ ಮಾತಿಗೆ ಬೇರೆ ತೂಕವಿತ್ತು, ಯಾಕೆಂದರೆ ಅನುಭವಿಸಿದ್ದು ಅವರೇ. ಆ ಸಂಸ್ಥೆಯನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಚಿಕ್ಕ ಹುಡುಗಿಯಾಗಿದ್ದಾಗ ಅವರಿಗೂ ಮುತ್ತು ಕಟ್ಟಿದ್ದರು.

ಇಲ್ಲಿ ಹೊರಗಿನ ಸಂಸ್ಥೆಯ ಪಾತ್ರ ಏನಾಗಿತ್ತು? ಮೊದಲ ವರ್ಷಗಳಲ್ಲಿ ಜೊತೆಗಿದ್ದದ್ದು, ಲೆಕ್ಕ ಕಲಿಸಿದ್ದು, ಆಮೇಲೆ ಕುರ್ಚಿ ಬಿಟ್ಟುಕೊಟ್ಟದ್ದು. ಇದಿಷ್ಟೂ ಸುಲಭವಾಗಿ ಆಗಿರಲಾರದು.

ಹಾಗಾಗಿ ನೀವು ಇಂಥ ಸಂಸ್ಥೆಗೆ ದೇಣಿಗೆ ಕೊಡುವವರಾದರೆ, ನಿಮ್ಮ ಕಂಪನಿಯ ಸಿಎಸ್‌ಆರ್ ಕಮಿಟಿಯಲ್ಲಿ ಕೂರುವವರಾದರೆ, ಬ್ರೋಷರ್ ಪಕ್ಕಕ್ಕಿಟ್ಟು ಒಂದು ಸಂಘದ ಸಭೆಗೆ ಹೋಗಿ ಕೂರಿ. ನಡಾವಳಿ ಪುಸ್ತಕ ಕೇಳಿ. ಅಕ್ಷರ ಯಾರದು ಅಂತ ನೋಡಿ. ಸದಸ್ಯೆಯ ಕೈಬರಹ ಸೊಟ್ಟಗಿದ್ದರೂ ಪರವಾಗಿಲ್ಲ, ಸಂಸ್ಥೆಯವರ ದುಂಡಗಿನ ಅಕ್ಷರಕ್ಕಿಂತ ಅದೇ ವಾಸಿ. ಕಳೆದ ವರ್ಷದ ಪ್ರತಿನಿಧಿಗಳೇ ಈ ವರ್ಷವೂ ಇದ್ದಾರಾ, ಯಾರಿಗಾದರೂ ಸಾಲ ಇಲ್ಲ ಅಂದ ಠರಾವು ಇದೆಯಾ ಅಂತ ಹುಡುಕಿ. ಒಂದು ವರ್ಷದಲ್ಲಿ ಒಮ್ಮೆಯೂ ಇಲ್ಲ ಅನ್ನದ ಸಂಘದಲ್ಲಿ ತೀರ್ಮಾನ ಬೇರೆಲ್ಲೋ ಆಗುತ್ತಿರುತ್ತದೆ. ಆಮೇಲೆ ಸಂಸ್ಥೆಯ ಮುಖ್ಯಸ್ಥರನ್ನು ಕೇಳಿ, ಈ ಊರಿನಿಂದ ನೀವು ಯಾವ ವರ್ಷ ಹೊರಡುತ್ತೀರಿ ಅಂತ. ಉತ್ತರದಲ್ಲಿ ಒಂದು ಇಸವಿ ಬಂದರೆ ಚೆಕ್ ಬರೆಯಿರಿ. ತೆರಿಗೆ ವಿನಾಯಿತಿಯ 80ಜಿ ರಸೀದಿಯ ಮಾತು ಆಮೇಲಾಯಿತು.